ಅಳಿವೆಯಲ್ಲಿ ಅಪರೂಪದ ಗೊರವ ಕಂಡರೆ ಏನು ಮಾಡಬೇಕು?

ನಮ್ಮ ಕರಾವಳಿಯ ಅಳಿವೆಗಳಾದ ಕೋಡಿ ಬೆಂಗ್ರೆಯಲ್ಲೋ ಸಸಿಹಿತ್ಲುವಿನಲ್ಲೋ ಗೊರವಗಳ (ಕೆಸರಲ್ಲಿ ಮೇಯುವ ದಡದ ಹಕ್ಕಿಗಳು) ಹಿಂಡು ನೋಡುತ್ತಿದ್ದೀರಿ. ಒಂದು ಹಕ್ಕಿ ಮಾತ್ರ ಬೇರೆ ಥರ ಇದೆ. ತಕ್ಷಣ ಹೆಸರು ಹುಡುಕಲು ಹೋಗಬೇಡಿ. ಮೊದಲು ಇದು ಮಾಮೂಲಿ ಹಕ್ಕಿಯೇ ಯಾಕಾಗಿರಬಾರದು ಅಂತ ಕೇಳಿಕೊಳ್ಳಿ. ಮರಿ ವಯಸ್ಸಿನದ್ದು, ಗರಿ ಬದಲಿಸುತ್ತಿರುವುದು, ನೀರಲ್ಲಿ ನೆಂದು ಮುದುಡಿ ಕೂತಿರುವುದು, ಹೀಗೆ ನಮ್ಮ ದಿನನಿತ್ಯದ ಸ್ಯಾಂಡ್ ಪ್ಲೋವರೇ ಅಪರೂಪದ ವೇಷ ಹಾಕಿಕೊಂಡು ನಿಂತಿರುವುದು ಜಾಸ್ತಿ.

ಹೊತ್ತು ನೋಡಿ ಹೋಗುವುದು ಒಳ್ಳೆಯದು. ಪೂರ್ತಿ ಇಳಿತದಲ್ಲಿ ಹಕ್ಕಿಗಳು ದೂರ ದೂರ ಚದುರಿರುತ್ತವೆ. ಭರತ (ಉಬ್ಬರ) ಏರುವಾಗ ಒಂದು ಕಡೆ ಸುಮ್ನೆ ಕೂತರೆ ನೀರೇ ಅವನ್ನು ಹತ್ತಿರ ತಳ್ಳುತ್ತದೆ. ಬಿಸಿಲು ಬೆನ್ನಿಗಿರಲಿ. ಕೋಡಿ ಬೆಂಗ್ರೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ಹಾಗಾಗಿ ಬೆಳಿಗ್ಗೆ ಕಡಲ ಕಡೆ, ಸಂಜೆ ಹೊಳೆ ಕಡೆ. ಹಕ್ಕಿಗಳು ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲೇ ನಿಲ್ಲಿ. ಫೋಟೋಗಾಗಿ ಹಿಂಡನ್ನು ಎಬ್ಬಿಸುವವರನ್ನು ಕಂಡರೆ ನನಗಂತೂ ಸಿಟ್ಟು ಬರುತ್ತದೆ. ಸೈಬೀರಿಯಾದವರೆಗೆ ಹಾರಲು ಅವು ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತವೆ, ಅಲ್ವಾ?

ಈಗ ಹಕ್ಕಿಯ ವಿಷಯ. ಅಪರೂಪದ ಗೊರವ ಗ್ರೇಟ್ ನಾಟ್ ಅನ್ನೇ ತೆಗೆದುಕೊಳ್ಳೋಣ. ಇದು ಗೂಡು ಕಟ್ಟುವುದು ಈಶಾನ್ಯ ಸೈಬೀರಿಯಾದಲ್ಲಿ. ದಾರಿಯಲ್ಲಿ ಇಳಿದು ಮೇಯುತ್ತಿದ್ದ ಹಳದಿ ಸಮುದ್ರದ ಕೆಸರು ಬಯಲುಗಳು ಕರಗುತ್ತಿವೆ. ದಕ್ಷಿಣ ಕೊರಿಯಾದ ಸೆಮಾಂಗಮ್ ಕೆಸರು ಬಯಲನ್ನು 2006ರಲ್ಲಿ 33 ಕಿಲೋಮೀಟರ್ ಉದ್ದದ ತಡೆಗೋಡೆ ಕಟ್ಟಿ ಮುಚ್ಚಿದ ಮೇಲಂತೂ ಹಕ್ಕಿಯ ಸಂಖ್ಯೆ ಕುಸಿದು, ಈಗ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಅಳಿವಿನಂಚಿನದ್ದು.

ಇದನ್ನು ಇದರಂತೆಯೇ ಕಾಣುವ ರೆಡ್ ನಾಟ್‌ನಿಂದ ಬೇರ್ಪಡಿಸುವುದೇ ಕಷ್ಟ. ಕೊಕ್ಕನ್ನು ತಲೆಯ ಜೊತೆ ಅಳೆಯಿರಿ. ಗ್ರೇಟ್ ನಾಟ್‌ನ ಕೊಕ್ಕು ತಲೆಗಿಂತ ಸ್ವಲ್ಪ ಉದ್ದ, ತುದಿಯಲ್ಲಿ ತುಸು ಬಾಗು. ರೆಡ್ ನಾಟ್‌ದು ನೇರ, ಗಿಡ್ಡ. ಎದೆಯಲ್ಲಿ ಕಪ್ಪು ಚುಕ್ಕೆ ದಟ್ಟವಾಗಿದ್ದರೆ ಗ್ರೇಟ್ ನಾಟ್ ಕಡೆ ಒಲವು. ಹಾರುವಾಗ ಬಾಲದ ಬುಡ ಬೆಳ್ಳಗೆ ಕಂಡರೆ ಇನ್ನೂ ಗಟ್ಟಿ, ರೆಡ್ ನಾಟ್‌ನಲ್ಲಿ ಅಲ್ಲಿ ಬೂದು ಗೆರೆಗಳಿರುತ್ತವೆ. ಕರ್ಲ್ಯೂ ಸ್ಯಾಂಡ್‌ಪೈಪರ್‌ನ ಬಾಲದ ಬುಡವೂ ಬಿಳಿಯೇ, ಆದರೆ ಅದು ತೀರಾ ಚಿಕ್ಕದು. ಅದಕ್ಕೇ ಪಕ್ಕದ ಹಕ್ಕಿಯೂ ಫೋಟೋದಲ್ಲಿ ಬರಲಿ. ಒಂಟಿ ಹಕ್ಕಿಯ ಕ್ಲೋಸಪ್ ಚೆಂದ, ಗಾತ್ರ ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಹಾಗಾದರೆ ಬೇಕಾದ ಫೋಟೋಗಳು: ಪಕ್ಕದಿಂದ ಒಂದು, ಕಾಲು ಕಾಣುವಂಥದ್ದು ಒಂದು, ಪಕ್ಕದವರ ಜೊತೆ ಒಂದು, ತಾನಾಗೇ ಹಾರಿದಾಗ ರೆಕ್ಕೆ-ಬಾಲ ಬಿಚ್ಚಿದ್ದು. ಮಸುಕಾದರೂ ಅಳಿಸಬೇಡಿ. ಕ್ಯಾಮೆರಾ ಇಲ್ಲವೇ? ಬೈನಾಕ್ಯುಲರ್‌ನ ಕಣ್ಣಿಗೆ ಮೊಬೈಲ್ ಹಿಡಿದು ತೆಗೆದದ್ದೂ ಸಾಕ್ಷಿಯೇ. ಕೂಗಿದರೆ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ.

ಪುಸ್ತಕ, ಆ್ಯಪ್ ತೆರೆಯುವ ಮೊದಲೇ ಕಂಡದ್ದನ್ನು ಬರೆದಿಡಿ. ಚಿತ್ರ ನೋಡಿದ ಮೇಲೆ ಕಾಣದ್ದೂ ಕಂಡಂತಾಗುತ್ತದೆ. ಹೀಗಿದ್ದರೆ ಸಾಕು: 'ಬೆಳಿಗ್ಗೆ 8.10, ಏರುವ ಭರತ, ಬಿಸಿಲು ಹಿಂದಿನಿಂದ. ಸುಮಾರು 40 ಮೀಟರ್ ದೂರ. ಪಕ್ಕದ ಗ್ರೇ ಪ್ಲೋವರ್‌ನಷ್ಟೇ ದೊಡ್ಡದು. ಕೊಕ್ಕು ಕಪ್ಪು, ತಲೆಗಿಂತ ಉದ್ದ. ಕೆಸರಿಗೆ ಕೊಕ್ಕು ಚುಚ್ಚಿ ಚುಚ್ಚಿ ಮೇಯುತ್ತಿತ್ತು. ಕಾಲಿನ ಬಣ್ಣ ಕಾಣಲಿಲ್ಲ.' ಆ ಕೊನೆಯ ಸಾಲು ತುಂಬಾ ಮುಖ್ಯ, ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯಿರಿ.

ಮನೆಗೆ ಬಂದು, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇಬರ್ಡ್‌ಗೆ ಹಾಕಿ. ಜಾಗ 'ಉಡುಪಿ ಜಿಲ್ಲೆ' ಎಂದಾಗದೆ ನಕ್ಷೆಯಲ್ಲಿ ನಿಂತ ಜಾಗವೇ ಇರಲಿ. ಅಪರೂಪದ ಹಕ್ಕಿಗೆ ಅದು ವಿವರ ಕೇಳುತ್ತದೆ, ಅಲ್ಲಿ ಈ ಟಿಪ್ಪಣಿ ಹಾಗೇ ಸೇರಿಸಿ. ಹಕ್ಕಿ ಗುರುತಿಸುವ ಆ್ಯಪ್ ನಂಬಿ 'ಮರ್ಲಿನ್ ಹೇಳಿತು' ಅಂತಷ್ಟೇ ಬರೆದರೆ ಪರಿಶೀಲಿಸುವವರಿಗೆ ಪ್ರಯೋಜನವಿಲ್ಲ. ಹೆಸರು ಖಚಿತವಾಗದಿದ್ದರೆ 'ಶೋರ್‌ಬರ್ಡ್ ಎಸ್‌ಪಿ.' (ಅಂದರೆ ಯಾವುದೋ ಒಂದು ಗೊರವ) ಎಂದು ಹಾಕಬಹುದು, ನಾಚಿಕೆ ಬೇಡ. ಪರಿಶೀಲಕರು ಇನ್ನೊಂದು ಫೋಟೋ ಕೇಳಬಹುದು, ಮೂಲ ಫೈಲುಗಳನ್ನು ಇಟ್ಟುಕೊಳ್ಳಿ. ಸಾಧ್ಯವಾದರೆ ಮರುದಿನದ ಭರತಕ್ಕೂ ಹೋಗಿ. ಈ ಹಕ್ಕಿಗಳು ಒಂದೇ ಕಡೆ ಕೆಲವು ದಿನ ಉಳಿಯುವುದುಂಟು, ಕಾಣದ ಆ ಕಾಲೂ ಆಗ ಕಂಡೀತು.