ಲಿಂಗನಮಕ್ಕಿಯ ನೀರು ಉಳಿಸಲು ರಾಯಚೂರಿನಲ್ಲಿ ಕಲ್ಲಿದ್ದಲು ಉರಿಸಿದೆವು

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಕರ್ನಾಟಕದ ಕರೆಂಟಿನಲ್ಲಿ ದೊಡ್ಡ ಪಾಲು ನೀರಿನದ್ದೇ. 1902ರ ಶಿವನಸಮುದ್ರದಿಂದ ಶುರುವಾಗಿ ಜೋಗ, ಶರಾವತಿ, ಕಾಳಿ ಅಂತ ಬೆಳೆದ ರಾಜ್ಯ ಇದು. ಮಳೆ ಕೈಕೊಟ್ಟರೆ ಪವರ್ ಕಟ್ ಗ್ಯಾರಂಟಿ. ಅದಕ್ಕೇ ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಥರ್ಮಲ್ ಬಂತು. ಮೊದಲ 210 ಮೆಗಾವ್ಯಾಟ್ ಯೂನಿಟ್ (ಒಂದು ಬಾಯ್ಲರ್, ಒಂದು ಟರ್ಬೈನ್ ಸೇರಿದ ಯಂತ್ರ) ಶುರುವಾದದ್ದು 1985ರಲ್ಲಿ. ಅಲ್ಲಿನ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಮಾಡುತ್ತಾ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

ಹೊಸಬರಿಗೆ ನಾನು ಮೊದಲು ಒಂದು ಲೆಕ್ಕ ಹೇಳಿಕೊಡುತ್ತಿದ್ದೆ. 210 ಮೆಗಾವ್ಯಾಟ್ ಯೂನಿಟ್ ಪೂರ್ತಿ ಲೋಡಿನಲ್ಲಿ ಓಡಿದರೆ ದಿನಕ್ಕೆ 50 ಲಕ್ಷ ಯೂನಿಟ್ ಕರೆಂಟ್. ನಮ್ಮ ಫ್ಯಾನು, ಪಂಪು, ಕಲ್ಲಿದ್ದಲು ಪುಡಿ ಮಾಡುವ ಮಿಲ್ಲುಗಳ ಸ್ವಂತ ಬಳಕೆ ಕಳೆದರೆ 45 ಲಕ್ಷ ಆಸುಪಾಸು. ಅದಕ್ಕೆ ಹೆಚ್ಚುಕಡಿಮೆ ಒಂದು ರೇಕ್, ಅಂದರೆ ಒಂದು ಗೂಡ್ಸ್ ರೈಲು ಕಲ್ಲಿದ್ದಲು ಬೇಕು. ಈಗ ಆ ಕಡೆ ನೋಡಿ. ಶರಾವತಿಯ ಲಿಂಗನಮಕ್ಕಿ ಜಲಾಶಯದ 1 ಟಿಎಂಸಿ ನೀರಿನಿಂದ ಸುಮಾರು 3 ಕೋಟಿ ಯೂನಿಟ್ ಕರೆಂಟ್ ತೆಗೆಯಬಹುದು. ಅಂದರೆ ನಮ್ಮ ಒಂದು ಯೂನಿಟ್ ಆರೇಳು ದಿನ ನಿಲ್ಲದೆ ಓಡಿದರೆ, ಶರಾವತಿಯಲ್ಲಿ 1 ಟಿಎಂಸಿ ನೀರು ಉಳಿದ ಹಾಗೆ. ನಮ್ಮ ಸ್ಟೇಷನ್ನಿನ ಬೆಲೆ ಏಪ್ರಿಲ್ ತಿಂಗಳಲ್ಲಿ ಲಿಂಗನಮಕ್ಕಿಯ ಮಟ್ಟ ಎಷ್ಟು ಅಡಿ ಇದೆ ಅನ್ನುವುದರಲ್ಲಿ ಕಾಣುತ್ತಿತ್ತು.

ಹೈಡ್ರೋ ಮಷೀನಿಗೆ ಗೇಟು ತೆರೆದರೆ ಸಾಕು, ಹತ್ತು ನಿಮಿಷದೊಳಗೆ ಗ್ರಿಡ್ಡಿಗೆ ಸೇರುತ್ತದೆ. ಹಾಗಾಗಿ ಬೆಳಗಿನ ಮತ್ತು ಸಂಜೆಯ ಪೀಕ್ ಅದರ ಕೆಲಸ. ನಮ್ಮದು ಕೆಳಗೆ ಒಂದೇ ಸಮ ಹೊರುವ ಭಾರ. ಬಾಯ್ಲರ್ ತಣ್ಣಗಿದ್ದರೆ ಲೈಟ್ ಅಪ್ ಮಾಡಿ (ಬೆಂಕಿ ಹಚ್ಚಿ) ಸಿಂಕ್ರೊನೈಸ್ ಮಾಡುವುದರೊಳಗೆ (ಗ್ರಿಡ್ಡಿಗೆ ಸೇರಿಸುವುದರೊಳಗೆ) ಒಂದು ಶಿಫ್ಟ್ ಮುಗಿದು ಇನ್ನೊಂದು ಶಿಫ್ಟಿನವರು ಬಂದಿರುತ್ತಾರೆ. ಬಾಯ್ಲರ್ ಡ್ರಮ್ಮಿನ (ನೀರು, ಹಬೆ ಬೇರೆಯಾಗುವ ದಪ್ಪ ಉಕ್ಕಿನ ಪಾತ್ರೆ) ಮೇಲ್ಭಾಗ, ಕೆಳಭಾಗದ ಲೋಹದ ಬಿಸಿಯಲ್ಲಿ ಜಾಸ್ತಿ ಅಂತರ ಬರಬಾರದು. ಟರ್ಬೈನ್ ಕೇಸಿಂಗ್ ಮತ್ತು ರೋಟರ್ ಜೊತೆಜೊತೆಯಾಗಿ ಹಿಗ್ಗಬೇಕು. ಇಲ್ಲಿ ಅವಸರ ನಡೆಯುವುದಿಲ್ಲ.

ಕಷ್ಟ ಬರುತ್ತಿದ್ದದ್ದು ಜುಲೈ, ಆಗಸ್ಟ್ ರಾತ್ರಿಗಳಲ್ಲಿ. ಮಳೆ ಬಿದ್ದು ಪಂಪ್‌ಸೆಟ್‌ಗಳು ನಿಂತಿರುತ್ತವೆ, ಬೇಡಿಕೆ ಕುಸಿದಿರುತ್ತದೆ. ನದಿಗಳು ತುಂಬಿ ಹರಿಯುತ್ತಿರುತ್ತವೆ. ಯಾವ ಸ್ಟೇಷನ್ ಎಷ್ಟು ಓಡಬೇಕು ಅಂತ ಹೇಳುವ ಲೋಡ್ ಡಿಸ್ಪ್ಯಾಚ್‌ನಿಂದ ಫೋನ್: "ಸಾರ್, ಕಾಳಿ ಕಡೆ ನೀರು ಜಾಸ್ತಿ ಬರ್ತಿದೆ. ನೀವು ಸ್ವಲ್ಪ ಇಳಿಸ್ತೀರಾ?" ಇಳಿಸಲೇಬೇಕು. ಹರಿದು ಹೋಗುವ ನೀರನ್ನು ಬಿಟ್ಟು ಕಲ್ಲಿದ್ದಲು ಸುಡುವುದು ತಪ್ಪು ಅಂತ ನಾನು ಈಗಲೂ ಗಟ್ಟಿಯಾಗಿ ನಂಬಿದ್ದೇನೆ.

ಆದರೆ ಇಳಿಸುವುದು ಸುಮ್ನೆ ಒಂದು ನಾಬ್ ತಿರುಗಿಸುವ ಕೆಲಸ ಅಲ್ಲ. 150 ಮೆಗಾವ್ಯಾಟ್ ಹತ್ತಿರ ಬರುವಾಗ ನನ್ನ ಕಣ್ಣು ಜ್ವಾಲೆ ಇದೆಯಾ ಅಂತ ತೋರಿಸುವ ಫ್ಲೇಮ್ ಸ್ಕ್ಯಾನರ್ ಮೇಲೆ. ಮೊದಲು ಫರ್ನೇಸಿನ ಮೇಲಿನ ಹಂತಕ್ಕೆ ಪುಡಿ ಕಳಿಸುವ ಮಿಲ್ಲಿನ ಫೀಡರ್ (ಕಲ್ಲಿದ್ದಲು ಹಾಕುವ ಯಂತ್ರ) ನಿಲ್ಲಿಸಿ, ಒಳಗಿನ ಪುಡಿ ಪೂರ್ತಿ ಫರ್ನೇಸಿಗೆ ಹೋಗುವ ತನಕ ಗಾಳಿ ಹೊಡೆಯುತ್ತಿದ್ದೆವು. ಇಲ್ಲದಿದ್ದರೆ ಮಿಲ್ಲಿನೊಳಗೇ ಬೆಂಕಿ ಹತ್ತುತ್ತದೆ. ಉಳಿದ ಮಿಲ್ಲುಗಳು ಪಕ್ಕಪಕ್ಕದ ಹಂತಗಳವೇ ಆಗಿರಬೇಕು, ನಡುವೆ ಒಂದನ್ನು ಬಿಡಬಾರದು. ಒಂದು ಹಂತದ ಜ್ವಾಲೆ ಮುಂದಿನದನ್ನು ಹಿಡಿದಿಡಬೇಕಲ್ಲ. ಇನ್ನೂ ಇಳಿಸಿ ಅಂದರೆ ಜ್ವಾಲೆ ಆರದಂತೆ ಎಣ್ಣೆ ಉರಿಸುವ ಆಯಿಲ್ ಗನ್ ಹಚ್ಚಬೇಕು. ಎಣ್ಣೆಯ ದರ ಕಲ್ಲಿದ್ದಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಎರಡು ಯೂನಿಟ್‌ಗಳನ್ನು ಎಣ್ಣೆ ಸುಡುತ್ತಾ ಅರ್ಧ ಲೋಡಿನಲ್ಲಿ ಒದ್ದಾಡಿಸುವ ಬದಲು ಒಂದನ್ನು ನಿಲ್ಲಿಸಿ ಇನ್ನೊಂದನ್ನು ಚೆನ್ನಾಗಿ ಓಡಿಸಿ ಅಂತಲೇ ನಾನು ವಾದಿಸುತ್ತಿದ್ದೆ.

ನಿಲ್ಲಿಸಿದ ಯೂನಿಟ್ಟನ್ನು ಬಾಕ್ಸ್ ಅಪ್ ಮಾಡುತ್ತಿದ್ದೆವು. ಗಾಳಿ, ಹೊಗೆಯ ದಾರಿಯ ಡ್ಯಾಂಪರ್‌ಗಳನ್ನೆಲ್ಲ ಮುಚ್ಚಿ ಬಿಸಿಯನ್ನು ಒಳಗೇ ಹಿಡಿದಿಡುವುದು. ಟರ್ಬೈನ್ ಬ್ಯಾರಿಂಗ್ ಗೇರ್ (ಮೋಟರಿನಿಂದ ತಿರುಗಿಸುವ ಗೇರು) ಮೇಲೆ ನಿಧಾನಕ್ಕೆ ತಿರುಗುತ್ತಲೇ ಇರಬೇಕು, ನಿಂತರೆ ರೋಟರ್ ಬಾಗುತ್ತದೆ. ಬಿಸಿ ಉಳಿದಿದ್ದರೆ ಮರುದಿನ ಬೇಗ ಎತ್ತಬಹುದು. ವಾರಗಟ್ಟಲೆ ಬೇಡ ಅಂತ ಗೊತ್ತಾದರೆ ಅದೇ ಸಮಯಕ್ಕೆ ಓವರ್‌ಹಾಲ್. ಬಾಯ್ಲರ್ ಟ್ಯೂಬುಗಳ ದಪ್ಪ ಅಳೆದು, ಸವೆದದ್ದನ್ನು ಕತ್ತರಿಸಿ ಹೊಸದು ಹಾಕುವುದು ಮಳೆಗಾಲದಲ್ಲೇ ಆಗಬೇಕು. ಮಾರ್ಚ್‌ನಲ್ಲಿ ಟ್ಯೂಬ್ ಲೀಕ್ ಆದರೆ ಅದರ ಬೆಲೆ ಕಟ್ಟುವುದು ಶರಾವತಿಯ ನೀರು. ಯಾರ್ಡಿನ ಕಲ್ಲಿದ್ದಲೂ ಮಳೆಗೆ ನೆನೆದು ಅಂಟಾಗಿ ಅದು ಇಳಿಯುವ ಚ್ಯೂಟ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ಲೋಡ್ ಕಡಿಮೆ ಇರುವುದೂ ಒಳ್ಳೆಯದೇ.

ಜೂನ್ ಮೊದಲ ವಾರಗಳ ಆತಂಕ ಮಾತ್ರ ಬೇರೆಯೇ. ಜಲಾಶಯ ತಳ ಹಿಡಿದಿರುತ್ತದೆ, ಮುಂಗಾರು ತಡವಾಗಿರುತ್ತದೆ. ಆಗ ಯಾರೂ ಇಳಿಸಿ ಅನ್ನುವುದಿಲ್ಲ. ಇರುವ ಯೂನಿಟ್‌ಗಳೆಲ್ಲ ಪೂರ್ತಿ ಲೋಡಿನಲ್ಲಿ. ದಾಸ್ತಾನು ಎಷ್ಟು ದಿನಕ್ಕೆ ಬರುತ್ತದೆ, ಸಿಂಗರೇಣಿ ಗಣಿಯಿಂದ ರೇಕ್ ಹೊರಟಿದೆಯಾ ಅನ್ನುವುದೇ ಕ್ಯಾಂಟೀನಿನಲ್ಲೂ ಮಾತು. ಬೇಸಿಗೆಗೆ ಕಲ್ಲಿದ್ದಲು ಕೂಡಿಡಬೇಕಾದದ್ದು ಡ್ಯಾಮ್ ತುಂಬಿರುವಾಗಲೇ. ಆದರೆ ಆಗಲೇ ಎಲ್ಲರಿಗೂ "ನೀರಿದೆಯಲ್ಲ, ಕಲ್ಲಿದ್ದಲು ಯಾಕೆ" ಅನ್ನಿಸುವುದು.

ಈಗ ಗ್ರಿಡ್ ಬದಲಾಗಿದೆ. 2013ರ ಕೊನೆಗೆ ರಾಯಚೂರು–ಸೋಲಾಪುರ ಲೈನಿನಿಂದ ದಕ್ಷಿಣ ಗ್ರಿಡ್ ದೇಶದ ಉಳಿದ ಗ್ರಿಡ್ಡಿಗೆ ಸೇರಿತು. ಪಾವಗಡದಂಥ ಸೋಲಾರ್ ಪಾರ್ಕ್‌ಗಳು ಬಂದವು. ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಮಾಡುತ್ತಿದ್ದ ಬ್ಯಾಕ್ ಡೌನ್ (ಲೋಡ್ ಇಳಿಸುವುದು) ಈಗ ದಿನಾ ಮಧ್ಯಾಹ್ನ ಬೇಕು, ಸಂಜೆ ಮತ್ತೆ ಏರಿಸಬೇಕು. ಹಳೆಯ ಯೂನಿಟ್‌ಗಳ ದಪ್ಪ ಲೋಹಕ್ಕೆ ಇದು ದೊಡ್ಡ ಹೊಡೆತ. ಈಗ ಶಿಫ್ಟಿನಲ್ಲಿರುವ ಹುಡುಗರಿಗೆ ನಾನು ಹೇಳುವುದು: ಪ್ರತಿ ಬಾರಿ ಏರಿಸಿ ಇಳಿಸಿದಾಗಲೂ ಡ್ರಮ್ಮು, ಕೇಸಿಂಗ್ ಲೋಹದ ಉಷ್ಣತೆ ಬರೆದಿಡಿ. ಮುಂದಿನ ಓವರ್‌ಹಾಲ್‌ನಲ್ಲಿ ಎಲ್ಲಿ ಬಿರುಕು ಹುಡುಕಬೇಕು ಅಂತ ಆ ಪುಸ್ತಕವೇ ತೋರಿಸುತ್ತದೆ.