ಕರೆ ಹುಡುಕುತ್ತಿದ್ದೆ, ಹೊಲಿಗೆ ಮಷೀನಿನ ಹತ್ತಿರವೇ ಸಿಕ್ಕಿತು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವುದು ನನ್ನ ಕೆಲಸ. ಪೀಸ್ ಲೆಕ್ಕದ ಕೂಲಿ. ಭಾನುವಾರ ಚರ್ಚಿನ ಸಭೆಯಲ್ಲಿ ಯಾರಾದರೂ ‘ದೇವರು ನನ್ನನ್ನು ಸೇವೆಗೆ ಕರೆದರು’ ಅಂತ ಸಾಕ್ಷಿ ಹೇಳಿದಾಗಲೆಲ್ಲ, ‘ಸ್ವಾಮಿ, ನನ್ನನ್ನು ಯಾವುದಕ್ಕೆ ಹುಟ್ಟಿಸಿದೆ?’ ಅಂತ ಕೇಳುತ್ತಿದ್ದೆ. ಪ್ರಸಂಗ ಮಾಡುವ ಬಾಯಿ ನನಗಿಲ್ಲ. ಹಾಡುವ ಕಂಠವೂ ಇಲ್ಲ.

ಪಾಸ್ಟರಮ್ಮನ ಹತ್ತಿರ ಹೇಳಿಕೊಂಡೆ. ‘ಬೈಬಲ್ಲಿನ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ಓದಮ್ಮ. ಸೌಲನ ಕಥೆ ಮುಗೀತು ಅಂತ ನಿಲ್ಲಿಸ್ಬೇಡ’ ಅಂದರು.

ಆ ಅಧ್ಯಾಯ ಅಂದರೆ ಎಲ್ಲರಿಗೂ ನೆನಪಾಗುವುದು, ಯೇಸುವಿನ ಶಿಷ್ಯರನ್ನು ಹಿಂಸಿಸುತ್ತಿದ್ದ ಸೌಲನಿಗೆ ದೇವರ ಕರೆ ಬಂದ ದಮಸ್ಕದ ದಾರಿ. ಆಕಾಶದ ಬೆಳಕು, ಹೆಸರು ಹಿಡಿದು ಕರೆಯುವ ಧ್ವನಿ. ನಾನೂ ಅಂಥದ್ದಕ್ಕೇ ಕಾಯುತ್ತಿದ್ದೆ. ಕೊನೆಗೆ ಯೊಪ್ಪ ಊರಿನ ತಬಿಥಾ ಬರುತ್ತಾಳೆ. ಆಕೆಗೆ ಬೆಳಕು ಕಂಡಿತು ಅಂತಿಲ್ಲ. ಆಕೆ ಆಡಿದ ಒಂದು ಮಾತೂ ಅಲ್ಲಿಲ್ಲ. ಆಕೆ ಸತ್ತಾಗ ವಿಧವೆಯರು ಅಳುತ್ತಾ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸುವುದು ಆಕೆ ಮಾಡಿಕೊಟ್ಟ ಬಟ್ಟೆಗಳನ್ನು. ಪೇತ್ರ ಪ್ರಾರ್ಥಿಸಿ ಆಕೆಯನ್ನು ಎಬ್ಬಿಸಿದ. ಶಿಷ್ಯಳು ಅಂತಲೇ ಬೈಬಲ್ ಆಕೆಯನ್ನು ಕರೆಯುತ್ತದೆ! ಅದನ್ನು ಓದಿ ಆ ರಾತ್ರಿ ತುಂಬಾ ಅತ್ತೆ.

ಮರುದಿನದಿಂದ ಪ್ರಾರ್ಥನೆ ಬದಲಾಯಿತು. ಈ ಕೈಗೆ ಬರುವ ಕೆಲಸ ಯಾರಿಗೆ ಬೇಕು ತೋರಿಸು ಅಂತ ಕೇಳಿದೆ. ನಮ್ಮ ಓಣಿಯಲ್ಲೇ ಇದ್ದರು. ಪ್ಯಾಂಟಿನ ದಾರ ಕತ್ತರಿಸಿ ಕೊಡುವ ಹೆಂಗಸರು. ಕೂಲಿ ತೀರಾ ಕಮ್ಮಿ. ಒಬ್ಬರೇ ಮಕ್ಕಳನ್ನು ಸಾಕುವವರೂ ಇದ್ದರು. ಭಾನುವಾರ ಮಧ್ಯಾಹ್ನ ನಮ್ಮನೆಗೆ ಬನ್ನಿ, ಹೊಲಿಗೆ ಕಲಿಸ್ತೀನಿ ಅಂದೆ.

ಮೊದಲು ಹಳೇ ಬಟ್ಟೆ ಮೇಲೆ ನೇರ ಹೊಲಿಗೆ, ಆಮೇಲೆ ಜೇಬು, ಜಿಪ್. ಕಷ್ಟ ಇರುವುದು ಹೊಲಿಗೆಗಳು ಕೂಡುವ ದಪ್ಪ ಜಾಗದಲ್ಲಿ. ಅಲ್ಲಿ ಜೋರಾಗಿ ಪೆಡಲ್ ಒತ್ತಿದರೆ ಸೂಜಿ ಪಟ್ಟಂತ ಮುರಿಯುತ್ತದೆ. ಸೂಜಿ ಮುರಿದರೆ ಹೆದರಿ ಎದ್ದೇ ಬಿಡುತ್ತಿದ್ದ ಅಕ್ಕನ ಕೈ ಹಿಡಿದು, ‘ಪೆಡಲ್ ಬಿಡಕ್ಕ, ಚಕ್ರ ಕೈಯಲ್ಲೇ ತಿರುಗಿಸು’ ಅಂತ ಒಂದೊಂದೇ ಹೊಲಿಗೆ ದಾಟಿಸಿದೆ. ಈಗ ಆಕೆ ಯೂನಿಟ್ಟಿನಲ್ಲಿ ಮಷೀನಿಗೆ ಕೂರುತ್ತಾಳೆ.

ಹೊಲಿಗೆ ಕಲಿಸೋದು ಸೇವೆನಾ ಅಂತ ಕೇಳಿದವರಿದ್ದಾರೆ. 1810ರಲ್ಲಿ ನಮ್ಮ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಬೈಬಲನ್ನು ಕನ್ನಡಕ್ಕೆ ತಂದರು. ಪೂರ್ತಿ ಬೈಬಲ್ ಹೊರಬಂದದ್ದು 1831ರಲ್ಲಿ. ಅಷ್ಟು ವರ್ಷ ಕೂತು ಬರೆದದ್ದು, ತಿದ್ದಿದ್ದು ಸೇವೆಯೇ ಅಲ್ವಾ?

ಬರುವವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಸಭೆಗೆ ಬಾ ಅಂತ ಯಾರಿಗೂ ಷರತ್ತು ಹಾಕಿಲ್ಲ. ದುಡ್ಡು ಯಾಕೆ ತಗೊಳ್ಳಲ್ಲ ಅಂತ ಕೇಳಿದರೆ ಮಾತ್ರ ಮಷೀನು ನಿಲ್ಲಿಸಿ ತಬಿಥಾಳ ಕಥೆ ಹೇಳುತ್ತೇನೆ.