ಸೊಂಟನೋವಿಗೆ ಆಕ್ಯುಪಂಕ್ಚರ್: ನಾನು ಅನುಸರಿಸುವ ಕ್ರಮ

ಸೊಂಟ ಹಿಡಿದಿದೆ ಎಂದು ಬಂದವರನ್ನು ನಾನು ಮೊದಲು ವಿಚಾರಿಸುತ್ತೇನೆ, ಸೂಜಿ ಆಮೇಲೆ. ಮೂತ್ರ ಕಟ್ಟಿದೆಯೇ, ಹಿಡಿತ ತಪ್ಪಿದೆಯೇ? ತೊಡೆಸಂದಿನ ಸುತ್ತ ಜೋಮು ಇದೆಯೇ? ಹಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು. ಜ್ವರ, ಕಾರಣವಿಲ್ಲದೆ ಇಳಿದ ತೂಕ, ಬಿದ್ದ ಪೆಟ್ಟು, ಹಿಂದೆ ಕ್ಯಾನ್ಸರ್ ಇದ್ದದ್ದು, ಇವು ಯಾವುದಿದ್ದರೂ ವೈದ್ಯರ ತಪಾಸಣೆ ಮುಗಿಯುವವರೆಗೆ ಸೂಜಿ ಮುಟ್ಟುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಬಸಿರು, ಪೇಸ್‌ಮೇಕರ್ ಬಗ್ಗೆಯೂ ಕೇಳುತ್ತೇನೆ.

ಬೋರಲು ಮಲಗಿಸಿ ಹೊಟ್ಟೆಯಡಿ ತೆಳು ದಿಂಬು, ಕಣಕಾಲಡಿ ಸುತ್ತಿದ ಟವೆಲ್ ಇಡಬೇಕು. ಸ್ನಾಯು ಬಿಗಿದೇ ಇದ್ದರೆ ಸೂಜಿ ಒಳಗೆ ಕಚ್ಚಿಕೊಳ್ಳುತ್ತದೆ.

ಎರಡೂ ಬದಿ ಸೊಂಟದ ಮೂಳೆಯ ಮೇಲಂಚನ್ನು ಬೆರಳಲ್ಲಿ ಹುಡುಕಿ ಅಡ್ಡಗೆರೆ ಊಹಿಸಿದರೆ ಅದು ಸುಮಾರು ಎಲ್4, ಅಂದರೆ ಸೊಂಟದ ಭಾಗದ ಬೆನ್ನೆಲುಬಿನ ನಾಲ್ಕನೆಯ ಮಣಿಯ ಮೇಲೆ ಹಾಯುತ್ತದೆ. ಆ ಮಣಿಯ ಮುಳ್ಳಿನ ಕೆಳಗಿನಿಂದ ಪಕ್ಕಕ್ಕೆ ಎರಡು ಬೆರಳಗಲ ಬಿಎಲ್25 (ಬಿಎಲ್ ಎಂದರೆ ಆಕ್ಯುಪಂಕ್ಚರ್‌ನಲ್ಲಿ ಮೂತ್ರಕೋಶದ ರೇಖೆ, ಸಂಖ್ಯೆ ಅದರ ಮೇಲಿನ ಬಿಂದುವಿನದು). ಬೆರಳು ರೋಗಿಯದು, ನಮ್ಮದಲ್ಲ. ಎರಡು ಮಣಿ ಮೇಲಕ್ಕೆ, ಅಷ್ಟೇ ದೂರಕ್ಕೆ ಬಿಎಲ್23. ಮಂಡಿಯ ಹಿಂದಿನ ಮಡಿಕೆಯ ನಡುವೆ ಬಿಎಲ್40. ಇವುಗಳ ಜೊತೆಗೆ, ಒತ್ತಿದಾಗ ರೋಗಿಯೇ ‘ಹಾಂ, ಅಲ್ಲೇ’ ಎನ್ನುವ ಒಂದೆರಡು ಜಾಗ. ನನ್ನ ಮಟ್ಟಿಗೆ ಪುಸ್ತಕದ ಬಿಂದುವಿಗಿಂತ ಈ ಜಾಗಗಳೇ ಮುಖ್ಯ.

ಒಮ್ಮೆ ಮಾತ್ರ ಬಳಸುವ 0.25 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ ಸೂಜಿ. ಹಚ್ಚಿದ ಸ್ಪಿರಿಟ್ ಪೂರ್ತಿ ಆರಬೇಕು, ಇಲ್ಲದಿದ್ದರೆ ಚುಚ್ಚಿದಲ್ಲಿ ಉರಿಯುತ್ತದೆ. ಸಾಧಾರಣ ಮೈಕಟ್ಟಿಗೆ ಬಿಎಲ್25ರಲ್ಲಿ 25 ಮಿ.ಮೀ. ಆಳ ಸಾಕು. ಬಿಎಲ್23ರಲ್ಲಿ ತುದಿಯನ್ನು ಬೆನ್ನೆಲುಬಿನ ಕಡೆ ತುಸು ವಾಲಿಸುತ್ತೇನೆ, ಹೊರಕ್ಕೆ ಎಂದೂ ಇಲ್ಲ: ಆಳದಲ್ಲಿ ಮೂತ್ರಪಿಂಡವಿದೆ. ತೆಳ್ಳಗಿನವರಿಗೆ ಆಳವನ್ನು ಇನ್ನೂ ಕಡಿಮೆ ಮಾಡಬೇಕು. ಮಂಡಿಯ ಹಿಂದೆ ದೊಡ್ಡ ರಕ್ತನಾಳ, ನರ ಎರಡೂ ಇರುವುದರಿಂದ 15 ಮಿ.ಮೀ. ದಾಟುವುದಿಲ್ಲ.

ಭಾರ, ಮಂದ ಸೆಳೆತ ಬಂದರೆ ಸರಿಯಾಗಿದೆ. ಕರೆಂಟ್ ಹೊಡೆದಂತೆ ಕಾಲಿಗೆ ಹರಿದರೆ ನರ ತಾಗಿದೆ; ತಿರುಗಿಸದೆ ಹಿಂದಕ್ಕೆ ಎಳೆಯಬೇಕು. 20ರಿಂದ 30 ನಿಮಿಷ ಬಿಡುತ್ತೇನೆ. ಸೂಜಿ ಕಚ್ಚಿಕೊಂಡರೆ ಜಗ್ಗಬಾರದು. ಸುತ್ತಲ ಚರ್ಮ ನೇವರಿಸಿ ಎರಡು ನಿಮಿಷ ಕಾದರೆ ಸಾಮಾನ್ಯವಾಗಿ ಸಡಿಲವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ತಲೆ ಸುತ್ತುವುದುಂಟು: ಎಲ್ಲ ಸೂಜಿ ತೆಗೆದು, ಅಂಗಾತ ಮಲಗಿಸಿ, ಕಾಲು ಎತ್ತರಿಸಬೇಕು.

ಫಲದ ಬಗ್ಗೆ ರೋಗಿಗೆ ಇದ್ದದ್ದನ್ನೇ ಹೇಳುತ್ತೇನೆ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ದೀರ್ಘಕಾಲದ ಸೊಂಟನೋವಿನ 1,162 ಜನರಿದ್ದರು. ಆರು ತಿಂಗಳ ಬಳಿಕ ಆಕ್ಯುಪಂಕ್ಚರ್‌ನಿಂದ ಶೇ. 47.6, ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿದ್ದಕ್ಕೆ ಶೇ. 44.2, ಮಾಮೂಲಿ ಚಿಕಿತ್ಸೆಗೆ ಶೇ. 27.4 ಮಂದಿ ಸುಧಾರಿಸಿದ್ದರು. ಬಿಂದುವಿನ ಕರಾರುವಾಕ್ಕುತನವೇ ಎಲ್ಲವೂ ಅಲ್ಲ ಎಂಬುದನ್ನು ನಾವು ಒಪ್ಪಲೇಬೇಕು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ಕೊಡುವ ಸಂಸ್ಥೆ ನೈಸ್ 2016ರಲ್ಲಿ ಇದು ಬೇಡ ಎಂದಿತು. ಮರುವರ್ಷ ಅಮೆರಿಕದ ವೈದ್ಯರ ಸಂಘಟನೆ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್’ ಔಷಧಿಗೆ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಸೇರಿಸಿತು. ಜಾರಿದ ಡಿಸ್ಕನ್ನು ಸೂಜಿ ಒಳಗೆ ತಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವಾರಕ್ಕೆ ಎರಡರಂತೆ ಆರು ಸಲ ನೋಡುತ್ತೇನೆ. ನೋವು ತಗ್ಗಿದ ಆ ಕೆಲವು ಗಂಟೆಗಳಲ್ಲೇ ನಡಿಗೆ, ಸೊಂಟದ ವ್ಯಾಯಾಮ ಶುರುವಾಗಬೇಕು. ಆರನೆಯದಾದರೂ ಬಗ್ಗುವುದು, ಏಳುವುದು ಸುಲಭವಾಗದಿದ್ದರೆ ಅಲ್ಲಿಗೆ ನಿಲ್ಲಿಸಿ ಫಿಸಿಯೋಥೆರಪಿಗೆ ಕಳಿಸುತ್ತೇನೆ.